ರೈಡರ್ ಹಿಂದೆ ಓಡ್ಬೇಡ್ರೋ, ಅವನ ದಾರಿಗೆ ಅಡ್ಡ ಬನ್ನಿ

ನಾನು ಆಲೂರು ಕಡೆ ಒಂದು ಹೈಸ್ಕೂಲಲ್ಲಿ ಪಿಟಿ ಮೇಷ್ಟ್ರು. ಕಬಡ್ಡಿ ಟೀಮ್ ರೆಡಿ ಮಾಡೋದೂ ನಂದೇ ಕೆಲಸ. ಮೊದಲೆರಡು ವರ್ಷ ಡಿಫೆನ್ಸ್ ಅಂದ್ರೆ ಧೈರ್ಯ ಅಂತ್ಲೇ ನಂಬಿದ್ದೆ, ಲೈನ್ ಹೊರಗೆ ನಿಂತ್ಕೊಂಡು "ಹಿಡ್ಯೋ ಹಿಡ್ಯೋ" ಅಂತ ಕೂಗ್ತಿದ್ದೆ, ಹುಡುಗ್ರು ನನ್ನ ಮಾತು ಕೇಳಿ ನುಗ್ತಿದ್ರು, ರೈಡರ್, ಅಂದ್ರೆ ನಮ್ಮ ಕಡೆ ಮುಟ್ಟೋಕೆ ಬಂದ ಎದುರಾಳಿ, ಮೂರು ಜನಾನ ಎಳ್ಕೊಂಡೇ ಹೋಗಿ ಮಿಡ್ ಲೈನಿಗೆ, ಅದೇ ನಡು ಗೆರೆಗೆ, ಕೈ ತಾಗಿಸ್ಬಿಡ್ತಿದ್ದ. ಹಿಡಿದೋರೆಲ್ಲಾ ಔಟ್.

ಆಮೇಲೆ ಹಾಸನದಲ್ಲಿ ಒಂದು ಮ್ಯಾಚಲ್ಲಿ ನಮ್ಮ ಲೆಫ್ಟ್ ಕಾರ್ನರ್ ಹುಡುಗ, ಎಡಗಡೆ ತುದೀಲಿ ನಿಲ್ಲೋನು, ತಲೆ ತಗ್ಗಿಸ್ಕೊಂಡು ನುಗ್ಗಿ, ರೈಡರ್ ಮಂಡಿ ಹುಬ್ಬಿಗೆ ಬಡಿದು ಮೂರು ಹೊಲಿಗೆ ಬಿತ್ತು. ರಾತ್ರಿ ಮನೆಗೆ ಬಿಡೋಕೆ ಹೋದ್ರೆ ಅವರಮ್ಮ ಬೈಲಿಲ್ಲ, "ಸರಿಯಾಗಿ ಹಿಡಿಯೋದು ಹೇಳ್ಕೊಡಿ ಮೇಷ್ಟ್ರೆ" ಅಂದ್ರು ಅಷ್ಟೆ. ನಾನು ಹುಡುಗ್ರಿಗೆ ನುಗ್ಗೋದು ಮಾತ್ರ ಕಲ್ಸಿದ್ದೆ, ಹಿಡಿಯೋದು ಕಲ್ಸಿರ್ಲೇ ಇಲ್ಲ.

ಈಗ ಮೊದಲನೇ ವಾರ ಪೂರ್ತಿ ತಲೆದೇ ಪಾಠ. ತಲೆ ರೈಡರ್ ತೊಡೆ ಪಕ್ಕದಲ್ಲಿರಬೇಕು, ಮಂಡಿ ಎದುರಿಗೆ ಬರಕೂಡದು, ಕಣ್ಣು ಮುಚ್ಚಕೂಡದು. ನಡಿಗೆ ಸ್ಪೀಡಲ್ಲೇ ಮಾಡಿಸ್ತೀನಿ, ಬೇಜಾರು ಅಂದ್ರೂ ಬಿಡಲ್ಲ.

ಆಮೇಲೆ ಕಣ್ಣು ಎಲ್ಲಿರಬೇಕು ಅನ್ನೋದು. ರೈಡರ್ ಕೈ, ಭುಜ ಎಲ್ಲಾ ಆಸೆ ತೋರಿಸ್ತವೆ, ಆದ್ರೆ ಸೊಂಟ ತಿರುಗದೆ ಅವನು ಎಲ್ಲಿಗೂ ಹೋಗೋಕಾಗಲ್ಲ, ಅದಕ್ಕೆ ಸೊಂಟ ನೋಡಿ ಅಂತೀನಿ. ಕಾರ್ನರ್ ಹುಡುಗನಿಗೆ ಆಂಕಲ್ ಹೋಲ್ಡ್, ಅಂದ್ರೆ ರೈಡರ್ ಪಾದದ ಗಂಟು ಹಿಡಿಯೋದು, ಅದರ ಟೈಮಿಂಗ್ ಹೇಳ್ಕೊಡೋಕೆ ಬೋನಸ್ ಲೈನೇ ಒಳ್ಳೇದು. ಬೋನಸ್, ಅಂದ್ರೆ ಆ ಲೈನ್ ದಾಟಿದ್ದಕ್ಕೆ ಸಿಗೋ ಪಾಯಿಂಟ್, ಬೇಕು ಅಂದ್ರೆ ರೈಡರ್ ಒಂದು ಕಾಲು ಲೈನ್ ದಾಟಿಸಿ ಇನ್ನೊಂದು ಕಾಲು ಗಾಳೀಲಿ ಎತ್ತಲೇಬೇಕು, ಆ ಒಂದು ಕ್ಷಣ ಅವನ ಮೈಭಾರ ಎಲ್ಲಾ ನಿನ್ನ ಮುಂದಿರೋ ಪಾದದ ಮೇಲೇ ಇರುತ್ತೆ, ಅದಕ್ಕಿಂತ ಮುಂಚೆ ಬಗ್ಗಿದ್ರೆ ಅವನು ಕಾಲು ಎಳ್ಕೊಂಡು ನಿನ್ನ ಬೆನ್ನು ಮುಟ್ಟಿ ಹೋಗ್ತಾನೆ. ಹಿಡಿದ್ಮೇಲೆ ಪಾದ ನೆಲದಿಂದ ಎತ್ತಿ ತನ್ನ ಕಡೆ ಎಳ್ಕೋಬೇಕು. ಮೊಬೈಲಲ್ಲಿ ಇರಾನಿನ ಫಜಲ್ ಅತ್ರಾಚಲಿ ಆಟ ತೋರಿಸ್ತೀನಿ, ಅವನೂ ಲೆಫ್ಟ್ ಕಾರ್ನರ್ರೇ. ಹಿಡಿಯೋದಲ್ಲ, ಹಿಡಿಯೋ ಮುಂಚೆ ಅವನ ಕಾಲು ಹೆಂಗೆ ಓಡಾಡುತ್ತೆ ನೋಡ್ರೋ ಅಂತ.

ನಂಗೆ ಜಾಸ್ತಿ ಕಷ್ಟ ಆಗಿದ್ದು ಕವರ್ ಹುಡುಗ್ರ ಜೊತೆ, ಅಂದ್ರೆ ಕಾರ್ನರ್ ಪಕ್ಕದಲ್ಲಿ ಒಳಗಡೆ ನಿಲ್ಲೋರು. ದೊಡ್ಡ ಗಂಡಸರ ಕೋರ್ಟ್ 13 ಮೀಟರ್ ಉದ್ದ, 10 ಅಗಲ, ಮಿಡ್ ಲೈನಿಂದ ಬಾಕ್ ಲೈನಿಗೆ (ರೈಡರ್ ದಾಟಬೇಕಾದ ಗೆರೆ) 3.75 ಮೀಟರ್, ಅಲ್ಲಿಂದ ಬೋನಸ್ ಲೈನಿಗೆ ಇನ್ನೊಂದು ಮೀಟರ್. ಅಂದ್ರೆ ಬೋನಸ್ ತನಕ ಹೋದವನು ವಾಪಸ್ ಬರೋಕೆ ಐದು ಮೀಟರೂ ಇಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ಓಡಿ ಏನು ಸಿಗುತ್ತೆ? ತೋಟಕ್ಕೆ ನುಗ್ಗಿದ ದನಾನ ಹಿಂದಿಂದ ಅಟ್ಟಿಸ್ಕೊಂಡು ಹೋಗಿ ಯಾರಾದ್ರೂ ಹಿಡೀತಾರಾ, ಉಣುಗೋಲ (ಬೇಲಿ ಬಾಗಿಲು) ಹತ್ರ ಹೋಗಿ ನಿಲ್ಲಲ್ವಾ ಅಂತ ಕೇಳ್ದೆ, ತಕ್ಷಣ ತಲೆಗೆ ಹೋಯ್ತು ನೋಡಿ. ಕಾರ್ನರ್ ಹಿಡಿದ ಕೂಡ್ಲೇ ಕವರ್ ಮಿಡ್ ಲೈನ್ ಕಡೆಯಿಂದ ಬಂದು ಬ್ಲಾಕ್ ಮಾಡ್ಬೇಕು, ಇಲ್ಲಾ ಭುಜ ಕೊಟ್ಟು ಸೈಡಿಗೆ ಹೊರಗೆ ತಳ್ಬೇಕು.

ಇದಕ್ಕೆ ಟವೆಲ್ ಡ್ರಿಲ್ ಮಾಡಿಸ್ತೀನಿ, ಎಲ್ಲರೂ ಬೆನ್ನ ಹಿಂದೆ ಎರಡೂ ಕೈಯಲ್ಲಿ ಟವೆಲ್ ಹಿಡ್ಕೊಂಡಿರಬೇಕು, ರೈಡರನ್ನ ಮುಟ್ಟಂಗಿಲ್ಲ, ಬರೀ ಕಾಲಲ್ಲಿ ದಾರಿ ಮುಚ್ಚಬೇಕು, 30 ಸೆಕೆಂಡ್, ಒಂದು ರೈಡಿನ ಟೈಮ್. ಮೊದಲ ದಿನ ಒಬ್ಬರಿಗೊಬ್ಬರು ಡಿಕ್ಕಿ ಹೊಡ್ಕೊಂಡ್ರು. ಹದಿನೈದು ದಿನಕ್ಕೆ ಮಾತಾಡ್ದೇನೇ ಜೊತೆಗೆ ಸರಿಯೋಕೆ ಶುರು ಮಾಡಿದ್ರು, ಆ ಹೊಲಿಗೆ ಬಿದ್ದ ಹುಡುಗನೇ ಪಕ್ಕದವನಿಗೆ "ಇರೋ, ಇನ್ನೂ ಕಾಲು ಎತ್ತಿಲ್ಲ" ಅಂತಿದ್ದ.

ಈಗ ಮಳೆ, ಗ್ರೌಂಡ್ ಪೂರ್ತಿ ಕೆಸರು. ಶಾಲೆ ಜಗಲೀಲಿ ಟವೆಲ್ ಡ್ರಿಲ್ ಮಾತ್ರ ನಡೀತಿದೆ, ಮಣ್ಣು ಒಣಗೋ ತನಕ ಆಂಕಲ್ ಹೋಲ್ಡ್ ಮಾಡಿಸಲ್ಲ.