ದೊಡ್ಡಪ್ಪನ ಕತ್ತಿಗಳು

ದೊಡ್ಡಪ್ಪನ ಹಳೆಯ ಕ್ಷೌರದ ಕತ್ತಿಗಳನ್ನು ತಗಡಿನ ಡಬ್ಬಿ ಸಮೇತ ತೀರ್ಥಹಳ್ಳಿಯ ಹಿರಿಯ ಕ್ಷೌರಿಕರೊಬ್ಬರಿಗೆ ತೋರಿಸಲು ಒಯ್ದಿದ್ದೆ. ಜಡಿಮಳೆ, ಗಿರಾಕಿಗಳಿರಲಿಲ್ಲ. ಅವರ ಅಂಗಡಿಯಲ್ಲೂ ಈಗ ಬ್ಲೇಡು ಬದಲಾಯಿಸುವ ಕತ್ತಿಯೇ. ಆದರೂ ಡಬ್ಬಿ ತೆರೆದದ್ದೇ ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿಗೆ ಬಂದರು.

ಮೊದಲನೆಯದರ ಬಾಯಲ್ಲಿ ಸಣ್ಣ ಚಕ್ಕೆ ಹಾರಿತ್ತು. "ತೊಳೆಯುವಾಗ ನಲ್ಲಿಗೆ ತಾಗಿದೆ ಮಾರಾಯ್ರೆ" ಅಂದರು. ಎರಡೂ ಪಕ್ಕ ಒಳಬಾಗುವಂತೆ ಅರೆದ ಅಲಗು, ಬಾಯಿಯ ಹತ್ತಿರ ತೀರಾ ತೆಳು. ಅಷ್ಟು ಗಟ್ಟಿ ಉಕ್ಕು ಪೆಟ್ಟು ತಿಂದರೆ ಮುರಿಯುತ್ತದೆ.

ಎರಡನೆಯದರ ಬೆನ್ನು ಸವೆದು ಚಪ್ಪಟೆಯಾಗಿತ್ತು. ಕಲ್ಲಿನ ಮೇಲೆ ಬೆನ್ನು, ಬಾಯಿ ಎರಡನ್ನೂ ಒಟ್ಟಿಗೆ ಊರಿ ಮಸೆಯಬೇಕು. ಬೆನ್ನಿನ ದಪ್ಪವೇ ಬಾಯಿಗೆ ಕೋನ ಕೊಡೋದು. ಯಾರೋ ಭಾರ ಹಾಕಿ ಉಜ್ಜಿದ್ದಾರೆ. ಗೋಡೆಯ ಚರ್ಮದ ಪಟ್ಟಿ ಎಳೆದು ಹಿಡಿದು, ಮಸೆದ ಬಾಯಿ ನಯವಾಗಲು ಕತ್ತಿಯನ್ನು ಅದರ ಮೇಲೆ ಹೇಗೆ ಸವರಬೇಕೆಂದು ತೋರಿಸಿದರು: ಬೆನ್ನು ಮುಂದೆ, ಬಾಯಿ ಹಿಂದೆ. ಕೊನೆ ಮುಟ್ಟಿದಾಗ ಕತ್ತಿಯನ್ನು ಬೆನ್ನಿನ ಮೇಲೇ ಹೊರಳಿಸಿದರು. ಬಾಯಿ ಮೇಲೆ ಹೊರಳಿಸಿದರೆ ಪಟ್ಟಿಯೂ ಕುಯ್ದುಹೋಗುತ್ತದೆ, ಹರಿತವೂ ಹೋಗುತ್ತದೆ.

ನನ್ನನ್ನು ನಿಜಕ್ಕೂ ಕಾಡಿದ್ದು ಮೂರನೆಯದು. ಜರ್ಮನಿಯ ಸೋಲಿಂಗೆನ್‌ನಲ್ಲಿ ತಯಾರಾದದ್ದು, ಆಮೆಚಿಪ್ಪಿನ ಬಣ್ಣದ ಹಿಡಿ. ನೀರು ನಿಲ್ಲೋದು ಸಾಮಾನ್ಯವಾಗಿ ಅಲಗನ್ನು ಹಿಡಿಗೆ ಸೇರಿಸುವ ಮೊಳೆಯ ಸುತ್ತ, ತುಕ್ಕೂ ಅಲ್ಲೇ ಶುರುವಾಗುತ್ತದೆ. ಇದರಲ್ಲಿ ಮೊಳೆ ಚೆನ್ನಾಗಿತ್ತು. ಮಡಚಿದಾಗ ಹಿಡಿಯೊಳಗೆ ಕೂರುವ ಭಾಗದಲ್ಲಷ್ಟೇ ಕುಳಿಗಳು. ಮೂಗಿಗೆ ಹಿಡಿದರೆ ಹುಳಿ ವಾಸನೆ, ಜೊತೆಗೆ ಕರ್ಪೂರ. "ಹಿಡಿಯೇ ತಿಂದಿದೆ" ಅಂದರು ಯಜಮಾನರು. ಅವರ ಮಾತು ಸರಿ. ಅದು ಸೆಲ್ಯುಲಾಯ್ಡ್. ನೈಟ್ರೋಸೆಲ್ಯುಲೋಸ್ ಜೊತೆ ಕರ್ಪೂರ ಸೇರಿಸಿ ಮಾಡುವ ಹಳೆಯ ಬಗೆಯ ಪ್ಲಾಸ್ಟಿಕ್. ಹಳತಾಗಿ ಒಡೆಯತೊಡಗಿದರೆ ಅದರಿಂದ ಹೊರಡುವ ಅನಿಲ ತೇವದ ಜೊತೆ ಸೇರಿ ಆಮ್ಲವಾಗುತ್ತದೆ. ಮುಚ್ಚಿದ ಡಬ್ಬಿಯಾದರೆ ಪಕ್ಕದ ಕತ್ತಿಗಳಿಗೂ ಕೇಡು. ಅದನ್ನು ಅಲ್ಲೇ ಬೇರೆ ಮಾಡಿದೆ.

ಗಡ್ಡ ಬೋಳಿಸಿ ಕತ್ತಿ ಹಾಳಾಗೋದು ಕಡಿಮೆ, ಬೋಳಿಸಿದ ಮೇಲೆ ಇಡೋದರಲ್ಲೇ ಜಾಸ್ತಿ ಹಾಳಾಗೋದು. ಹಳೆಯ ಕಾರ್ಬನ್ ಉಕ್ಕಿಗೆ ಬಚ್ಚಲುಮನೆಯ ತೇವವೇ ಸಾಕು, ಅದರಲ್ಲೂ ಮಲೆನಾಡಿನಲ್ಲಿ. ಯಜಮಾನರು ಹತ್ತಿಬಟ್ಟೆಯ ಪಟ್ಟಿಯೊಂದನ್ನು ಹಿಡಿಯ ಸಂದಿಗೆ ತೂರಿಸಿ, ಮೊಳೆಯ ಹತ್ತಿರ ಎಳೆದಾಡಿ ಒರೆಸಿದರು. ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು.

ಮೂರನೆಯದನ್ನು ಮಸೆಯೋಕೆ ಅವರು ಒಪ್ಪಲಿಲ್ಲ. ಕುಳಿ ಬಾಯಿಯವರೆಗೂ ಬಂದಿದೆ, ಮಸೆದಷ್ಟೂ ಉದುರುತ್ತದೆ. ಚಕ್ಕೆ ಹಾರಿದ್ದನ್ನು ಮಾತ್ರ ಇಟ್ಟುಕೊಂಡರು. ಆ ಚಕ್ಕೆ ಹೋಗುವ ತನಕ ಇಡೀ ಬಾಯಿಯನ್ನೇ ಸಮನಾಗಿ ಇಳಿಸಬೇಕಂತೆ. "ಅವಸರ ಮಾಡ್ಬೇಡಿ, ಮಳೆ ಕಡಿಮೆಯಾದ ಮೇಲೆ ಬನ್ನಿ" ಅಂದರು.