ಆಲ್ಬನಿ: ಬಾವುಟ ಬದಲಾದ ಮೇಲೂ ಡಚ್ಚರದೇ ಆಗಿದ್ದ ಊರು

ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಯ ಚರಿತ್ರೆಯನ್ನು ಸಾಮಾನ್ಯವಾಗಿ 1664ರಲ್ಲಿ ಎರಡು ಭಾಗ ಮಾಡುತ್ತಾರೆ: ಅಲ್ಲಿಯವರೆಗೆ ಡಚ್ಚರ ಕಾಲ, ಅಲ್ಲಿಂದ ಮುಂದೆ ಇಂಗ್ಲಿಷರ ಕಾಲ. ಓದುತ್ತ ಹೋದಂತೆ ಈ ವಿಭಜನೆಯನ್ನು ಒಪ್ಪುವುದು ನನಗೆ ಕಷ್ಟವಾಗಿದೆ. ಆ ವರ್ಷ ಬದಲಾದದ್ದು ಆಳುವವರು, ಊರಲ್ಲ.

ಸಮುದ್ರದಿಂದ ಇಷ್ಟು ದೂರಕ್ಕೆ, ಹಡ್ಸನ್ ನದಿಯ ಮೇಲ್ಭಾಗಕ್ಕೆ, ಡಚ್ಚರನ್ನು ಕರೆತಂದದ್ದು ಬೀವರ್ ಎಂಬ ಪ್ರಾಣಿಯ ತುಪ್ಪಳ. ಯುರೋಪಿನ ಟೋಪಿ ತಯಾರಕರಿಗೆ ಬೇಕಾಗಿದ್ದುದು ಅದರ ಒಳಪದರದ ಮೃದುವಾದ ರೋಮ ಮಾತ್ರ. ಮೂಲನಿವಾಸಿಗಳು ಆ ಚರ್ಮವನ್ನು ಮೈಮೇಲೆ ಹೊದ್ದು ಬಹುಕಾಲ ಬಳಸಿದಾಗ ಮೇಲಿನ ಒರಟು ಕೂದಲು ತಾನಾಗಿಯೇ ಉದುರಿಹೋಗುತ್ತಿತ್ತು. ಹೀಗಾಗಿ ಹೊಸ ಚರ್ಮಕ್ಕಿಂತ ಹೊದ್ದು ಹಳತಾದ ಚರ್ಮಕ್ಕೇ ಹೆಚ್ಚು ಬೇಡಿಕೆಯಿತ್ತು. ಈ ವ್ಯಾಪಾರಕ್ಕಾಗಿ 1614ರಲ್ಲಿ ನದಿಯ ದ್ವೀಪವೊಂದರಲ್ಲಿ ಕಟ್ಟಿದ ನಸ್ಸೌ ಕೋಟೆ ಪ್ರವಾಹದ ಹಾವಳಿಯಿಂದ ಕೆಲವೇ ವರ್ಷಗಳಲ್ಲಿ ಪಾಳುಬಿತ್ತು. 1624ರಲ್ಲಿ ಡಚ್ ವೆಸ್ಟ್ ಇಂಡಿಯಾ ಕಂಪನಿ ಪಶ್ಚಿಮ ದಡದಲ್ಲಿ ಫೋರ್ಟ್ ಆರೆಂಜ್ ಕಟ್ಟಿತು.

ಕೋಟೆ ಕಂಪನಿಯದಾದರೂ ಅದರ ಸುತ್ತಲಿನ ವಿಶಾಲವಾದ ಭೂಮಿ ಆಮ್‌ಸ್ಟರ್‌ಡ್ಯಾಮಿನ ವಜ್ರದ ವ್ಯಾಪಾರಿ ಕಿಲಿಯಾನ್ ವಾನ್ ರೆನ್ಸೆಲಾರ್‌ನ ಜಹಗೀರಾಗಿತ್ತು. ಅವನು ಒಮ್ಮೆಯೂ ಅಲ್ಲಿಗೆ ಬರಲಿಲ್ಲ. ಅವನ ಮರಣಾನಂತರ, ಕೋಟೆಯ ಬುಡದಲ್ಲೇ ಎದ್ದ ಮನೆಗಳು ಯಾರ ಆಡಳಿತಕ್ಕೆ ಸೇರಬೇಕೆಂದು ದೊಡ್ಡ ಜಗಳವೇ ನಡೆಯಿತು. ವಸಾಹತಿನ ಮುಖ್ಯಾಧಿಕಾರಿ ಪೀಟರ್ ಸ್ಟೈವೆಸೆಂಟ್ ಕೋಟೆಯ ಫಿರಂಗಿ ಗುಂಡು ತಲುಪುವಷ್ಟು ದೂರದ ನೆಲವೆಲ್ಲ ಕಂಪನಿಯದೆಂದು ಪಟ್ಟುಹಿಡಿದನು. 1652ರಲ್ಲಿ ಅಲ್ಲಿನ ವಸತಿಯನ್ನು ಬೆವರ್‌ವೈಕ್ ಎಂಬ ಪ್ರತ್ಯೇಕ ಊರೆಂದು ಸಾರಿ, ಅದಕ್ಕೆ ತನ್ನದೇ ಆದ ನ್ಯಾಯಾಲಯವನ್ನೂ ಕೊಟ್ಟನು. ಜಹಗೀರುದಾರನ ಹಂಗಿಲ್ಲದೆ ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳುವ ವ್ಯಾಪಾರಿಗಳ ಊರು ನಿಜವಾಗಿ ಹುಟ್ಟಿದ್ದು ಆಗಲೇ ಎಂಬುದು ನನ್ನ ಅಭಿಪ್ರಾಯ.

1664ರಲ್ಲಿ ಇಂಗ್ಲಿಷರು ಇಡೀ ವಸಾಹತನ್ನು ವಶಪಡಿಸಿಕೊಂಡು ಈ ಊರಿಗೆ ಆಲ್ಬನಿ ಎಂದು ಹೆಸರಿಟ್ಟರು. 1673ರಲ್ಲಿ ಡಚ್ಚರು ಅದನ್ನು ಮರಳಿ ಗೆದ್ದರೂ ಮರುವರ್ಷದ ಒಪ್ಪಂದದಲ್ಲಿ ಬಿಟ್ಟುಕೊಟ್ಟರು. ಆದರೆ 1664ರ ಶರಣಾಗತಿಯ ಷರತ್ತುಗಳೇ ಡಚ್ಚರಿಗೆ ಅವರ ಆಸ್ತಿಯನ್ನೂ, ಉತ್ತರಾಧಿಕಾರದ ಪದ್ಧತಿಯನ್ನೂ, ಆರಾಧನೆಯ ಸ್ವಾತಂತ್ರ್ಯವನ್ನೂ ಉಳಿಸಿಕೊಟ್ಟಿದ್ದವು. ಗೆದ್ದವರ ಔದಾರ್ಯಕ್ಕಿಂತ ಅವರ ಅಗತ್ಯವೇ ಇದಕ್ಕೆ ಹೆಚ್ಚು ಕಾರಣವಿರಬೇಕು: ತುಪ್ಪಳದ ವ್ಯಾಪಾರವೂ ಮೊಹಾಕ್ ಎಂಬ ಮೂಲನಿವಾಸಿ ಜನರೊಂದಿಗಿನ ನಂಟೂ ಡಚ್ ಕುಟುಂಬಗಳ ಕೈಯಲ್ಲಿದ್ದವು. 1749ರ ಸುಮಾರಿಗೆ ಅಲ್ಲಿಗೆ ಬಂದ ಪ್ರವಾಸಿ, ಸಸ್ಯವಿಜ್ಞಾನಿ ಪೀಟರ್ ಕಾಲ್ಮ್ ಕೂಡ ಊರಿನವರು ಡಚ್ ಮಾತಾಡುವುದನ್ನೇ ಕೇಳಿದನು.

1686ರಲ್ಲಿ ಗವರ್ನರ್ ಥಾಮಸ್ ಡಾಂಗನ್ ಆಲ್ಬನಿಗೆ ನಗರದ ಸನ್ನದು ನೀಡಿದಾಗ ಮೊದಲ ಮೇಯರ್ ಆದವನು ಬೆವರ್‌ವೈಕ್‌ನಲ್ಲೇ ಹುಟ್ಟಿದ ಪೀಟರ್ ಸ್ಕೈಲರ್. 1710ರಲ್ಲಿ ನಾಲ್ವರು ಮೂಲನಿವಾಸಿ ನಾಯಕರನ್ನು ಲಂಡನ್ನಿಗೆ, ರಾಣಿ ಆ್ಯನ್‌ಳ ಸನ್ನಿಧಿಗೆ, ಕರೆದೊಯ್ದವನೂ ಅವನೇ. ಫ್ರೆಂಚರ ವಿರುದ್ಧ ಇಂಗ್ಲೆಂಡಿಗೆ ಬೇಕಾಗಿದ್ದ ಮೈತ್ರಿಯನ್ನು ಬೆಳೆಸಲು ಡಚ್ ವ್ಯಾಪಾರಿಯ ಮಗನೇ ಮುಂದಾಗಬೇಕಾಯಿತು.