ಆಕ್ಸಿಡೆಂಟ್ ಆದ ಲಾರಿ ನೋಡಲು ಬಂದವರನ್ನು ವಾರಂಟ್ ಕೇಳಬೇಕಾ?

ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಆಕ್ಸಿಡೆಂಟ್ ಫೈಲುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಠಾಣೆ, ಆರ್‌ಟಿಒ, ಇನ್ಶೂರೆನ್ಸ್, ಕೋರ್ಟು ಅಂತ ಓಡಾಟ ಇದ್ದೇ ಇರುತ್ತದೆ. ಗಾಡಿ ನೋಡಲು ಯಾರಾದರೂ ಶೆಡ್ಡಿಗೆ ಬಂದರೆ ಸಾಕು, ಗೇಟಿನಿಂದ ನನಗೆ ಫೋನ್ ಬರುತ್ತದೆ: "ವಾರಂಟ್ ಇಲ್ವಂತೆ, ಒಳಗೆ ಬಿಡ್ಲಾ?"

ಬಿಡಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 136ನೇ ಸೆಕ್ಷನ್ ಇರುವುದೇ ಇದಕ್ಕೆ. ಅಪಘಾತ ಆದ ಗಾಡಿಯನ್ನು ಪರೀಕ್ಷೆ ಮಾಡಲು ರಾಜ್ಯ ಸರ್ಕಾರ ಅಧಿಕಾರ ಕೊಟ್ಟವರು, ಅಂದರೆ ನಾವು ಬ್ರೇಕ್ ಇನ್ಸ್‌ಪೆಕ್ಟರ್ ಅನ್ನುತ್ತೇವಲ್ಲ ಅವರು, ಗಾಡಿ ಎಲ್ಲಿದ್ದರೂ ಆ ಜಾಗಕ್ಕೆ ಸರಿಯಾದ ಹೊತ್ತಿನಲ್ಲಿ ಬರಬಹುದು. ಶೆಡ್ ಆಗಲಿ, ಗ್ಯಾರೇಜ್ ಆಗಲಿ. ಬೇಕಾದರೆ ಗಾಡಿಯನ್ನು ಬೇರೆ ಕಡೆಗೆ ಒಯ್ಯಲೂಬಹುದು. ಆದರೆ ಕೇಳಿದರೆ ಅಧಿಕಾರ ಪತ್ರ ತೋರಿಸಬೇಕು, ಎಲ್ಲಿಗೆ ಒಯ್ಯುತ್ತಿದ್ದೇವೆ ಅಂತ ಮಾಲೀಕರಿಗೆ ತಿಳಿಸಬೇಕು, ಕೆಲಸ ಮುಗಿಸಿ 24 ಗಂಟೆಯೊಳಗೆ ವಾಪಸ್ ಕೊಡಬೇಕು. ಪೊಲೀಸರು ಕೇಸಿನಲ್ಲಿ ಜಪ್ತಿ ಮಾಡಿದ್ದರೆ ಅದರ ದಾರಿ ಬೇರೆ.

ಹೀಗಾಗಿ ಗೇಟಿನಲ್ಲಿ ಕೇಳಬೇಕಾದದ್ದು ವಾರಂಟ್ ಅಲ್ಲ, ಅಧಿಕಾರ ಪತ್ರ. ಮರ್ಯಾದೆಯಿಂದ ಕೇಳಿ, ಹೆಸರು, ಹುದ್ದೆ, ಬಂದ ಸಮಯ ರಿಜಿಸ್ಟರಿನಲ್ಲಿ ಬರೆದುಕೊಂಡು ಒಳಗೆ ಕರೆದುಕೊಂಡು ಹೋಗಿ.

ಅವರು ಬರುವ ತನಕ ಗಾಡಿಯನ್ನು ಮುಟ್ಟಬೇಡಿ. ತೊಳೆಯುವುದೂ ಬೇಡ. ಇನ್ಸ್‌ಪೆಕ್ಟರ್ ನೋಡುವುದು ಏನು ಗೊತ್ತಾ? ಇಂಜಿನ್ ಶುರು ಮಾಡಿಸಿ ಗೇಜಿನಲ್ಲಿ ಬ್ರೇಕಿನ ಗಾಳಿ ಎಷ್ಟು ಏರುತ್ತದೆ ಅಂತ ನೋಡುತ್ತಾರೆ, ಬ್ರೇಕ್ ಒತ್ತಿಸಿ ಎಲ್ಲಾದರೂ ಪೈಪಿನಿಂದ ಸುಸ್ ಅಂತ ಗಾಳಿ ಸೋರುವ ಸದ್ದು ಬರುತ್ತದಾ ಅಂತ ಕಿವಿಗೊಡುತ್ತಾರೆ, ಸ್ಟಿಯರಿಂಗ್, ಟೈರು, ಲೈಟು, ಎಲ್ಲಿ ಎಷ್ಟು ಜಖಂ ಆಗಿದೆ ಅನ್ನುವುದನ್ನು ಬರೆದುಕೊಳ್ಳುತ್ತಾರೆ. ಕೊನೆಗೆ ಅಪಘಾತ ಗಾಡಿಯ ದೋಷದಿಂದ ಆದದ್ದಾ ಅಲ್ಲವಾ ಅಂತ ಅಭಿಪ್ರಾಯ ಕೊಡುತ್ತಾರೆ. ಆ ಒಂದು ಸಾಲಿನ ಮೇಲೆ ಡ್ರೈವರ್ ಅಣ್ಣನ ಕೇಸು ನಿಂತಿರುತ್ತದೆ, ಪೆಟ್ಟು ತಿಂದವರ ಪರಿಹಾರವೂ ನಿಂತಿರುತ್ತದೆ. ನಿಜವಾಗಲೂ ಬ್ರೇಕ್ ಕೈಕೊಟ್ಟಿದ್ದರೆ ಅದಕ್ಕಿರುವ ಸಾಕ್ಷಿ ಆ ಗಾಡಿಯೇ ಅಲ್ವಾ? ಅವಸರದಲ್ಲಿ ಹೊಸ ಬ್ರೇಕ್ ಲೈನರ್ ಹಾಕಿಸಿದರೆ ಅದು ಹೋಯಿತು. ಸಾಕ್ಷ್ಯ ನಾಶ ಅಂತ ಇನ್ನೊಂದು ಕೇಸು ಮೈಮೇಲೆ ಬಂದರೂ ಬಂತು.

ಆದರೆ ಈ ಅಧಿಕಾರ ಗಾಡಿ ನೋಡುವುದಕ್ಕೆ ಮಾತ್ರ. ನಿಮ್ಮ ಬೀರು, ಕಂಪ್ಯೂಟರ್ ತೆಗೆದು ನೋಡಲು 136 ಸಾಲದು. ಟ್ರಿಪ್ ಶೀಟು, ಜಿಪಿಎಸ್ ದಾಖಲೆ ಬೇಕಾದರೆ ಠಾಣಾಧಿಕಾರಿ ಲಿಖಿತ ಆದೇಶ ಕೊಟ್ಟು ತರಿಸಿಕೊಳ್ಳಬಹುದು. ಅದಕ್ಕೆ ಹೊತ್ತಿಲ್ಲ, ತಡವಾದರೆ ಸಿಗುವುದಿಲ್ಲ ಅನ್ನಿಸಿದರೆ ತನಿಖಾಧಿಕಾರಿ ವಾರಂಟ್ ಇಲ್ಲದೆಯೂ ಆಫೀಸು ಶೋಧಿಸಬಹುದು. ಇದು 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಸೆಕ್ಷನ್. ಆಗ ಅವರಿಗೂ ಕಟ್ಟುಪಾಡು ಜಾಸ್ತಿ: ಯಾಕೆ, ಏನು ಹುಡುಕುತ್ತಿದ್ದೇವೆ ಅಂತ ಮೊದಲೇ ಬರೆದಿಡಬೇಕು, ಸಾಕ್ಷಿಗಳಾಗಿ ಇಬ್ಬರು ಪಂಚರು ಇರಬೇಕು, ಶೋಧವನ್ನು ವಿಡಿಯೊ ಮಾಡಬೇಕು, ಆ ದಾಖಲೆ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ನಾವು ಅರ್ಜಿ ಹಾಕಿದರೆ ಅದರ ಪ್ರತಿಯನ್ನು ಪುಕ್ಕಟೆ ಕೊಡಬೇಕು.

ಡ್ರೈವರ್ ಯಾರು ಅಂತ ಪೊಲೀಸರು ಕೇಳಿದರೆ ಮುಚ್ಚಿಡಬೇಡಿ. ಹೆಸರು, ವಿಳಾಸ, ಲೈಸೆನ್ಸ್ ವಿವರ ಕೊಡುವುದು ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ ಮಾಲೀಕರ ಹೊಣೆ.

ಶೋಧ ನಡೆಯುವಾಗ ಆಫೀಸಿನವರೊಬ್ಬರು ಜೊತೆಗಿರುವುದು ನಮ್ಮ ಹಕ್ಕು. ಸುಮ್ನೆ ಹೊರಗೆ ನಿಂತು ಗೊಣಗಬೇಡಿ, ಒಳಗಿರಿ. ಒಯ್ಯುವ ಒಂದೊಂದು ಕಾಗದವೂ ಪಟ್ಟಿಯಲ್ಲಿ ಬಂದಿದೆಯಾ ಅಂತ ಓದಿ ನೋಡಿ, ಆ ಪಟ್ಟಿಯ ಪ್ರತಿಯನ್ನು ಕೇಳಿ ತೆಗೆದುಕೊಂಡು ಅವತ್ತೇ ವಕೀಲರಿಗೆ ಮುಟ್ಟಿಸಿ.